ಮೊದಲೇ ಹೊರಟವನ ಡೀಸೆಲ್ ಖರ್ಚು

ಮಿರಗ ಇನ್ನೂ ಕೂಡಿಲ್ಲ. ಇಂಥಾ ಹೊತ್ತಿನಾಗ ಮಹಾಪೂರದ ಮಾತು ತೆಗೆದರೆ "ಮೊದಲು ಮಳಿ ಬರ್ಲಿ ತಡಿಯೋ ಮಾರಾಯಾ" ಅಂತಾರ ಮಂದಿ. ಆದರ ಈ ಮಾತು ಆಡಲಿಕ್ಕೆ ಇದೇ ಸರಿಯಾದ ಹೊತ್ತು. ನೀರು ಬಂದಾಗ ಯಾರಿಗೂ ಪುರಸೊತ್ತು ಇರೋದಿಲ್ಲ. ನೀರು ಇಳಿದ ಮೇಲೆ ಬರೇ ಪಂಚನಾಮೆ ಮಾತು, ಪರಿಹಾರದ ಮಾತು. ಅದಕ್ಕ ಹೊಲ ಒಣಗಿರುವಾಗಲೇ ಬರೆದು ಇಡಾಕತ್ತೀನಿ. ಸ್ವಲ್ಪ ಉದ್ದ ಆದೀತು, ಓದ್ರಿ.

ನಮ್ಮ ಬೋರಗಾಂವ ದೂಧಗಂಗಾ ದಂಡಿಯ ಊರು. ಹೊಳಿ ದಾಟಿದರೆ ಸದಲಗಾ. ನಮ್ಮ ಕಡೆ ಮಹಾಪೂರ ನಮ್ಮ ಮಳೆಯಿಂದ ಬರೋದಿಲ್ಲ. ಊರಾಗ ಬಿಸಿಲು ಹೊಡೀತಿರ್ತದ, ಮಂದಿ ಶೇಂಗಾಕ್ಕೆ ಮಳಿ ಸಾಲಲಿಲ್ಲ ಅಂತ ಮಾತಾಡ್ತಿರ್ತಾರ, ಅದೇ ದಿನ ಹೊಳಿ ಏರ್ತಿರ್ತದ. ಯಾಕಂದ್ರ ಆ ನೀರು ಘಟ್ಟದ್ದು. ದೂಧಗಂಗಾ ಹುಟ್ಟುವುದು ಕೊಲ್ಹಾಪುರ ಜಿಲ್ಲೆಯ ರಾಧಾನಗರಿ ಕಡೆಯ ಸಹ್ಯಾದ್ರಿಯಲ್ಲಿ. ಅಲ್ಲಿ ಕಾಳಮ್ಮವಾಡಿ ಅಣೆಕಟ್ಟು ಐತಿ, ಸುಮಾರು 25 ಟಿಎಂಸಿ ಹಿಡಿಯುತ್ತದೆ. ವೇದಗಂಗಾ ಬರುವುದು ಭುದರಗಡ ಕಡೆಯಿಂದ, ಅದರ ಮೇಲೆ ಪಾಟಗಾಂವ ಅಣೆಕಟ್ಟು. ಈ ಎರಡೂ ಕೂಡಿ ನಮ್ಮನ್ನು ದಾಟಿ ಮುಂದೆ ಕಲ್ಲೋಳದ ಹತ್ತಿರ ಕೃಷ್ಣಾ ನದಿಗೆ ಸೇರುತ್ತವೆ.

ಇಲ್ಲಿ ಇನ್ನೊಂದು ಸಂಗತಿ ಐತಿ. ಕೃಷ್ಣೆಗೆ ಆ ಕಡೆಯಿಂದ 105 ಟಿಎಂಸಿಯ ಕೊಯ್ನಾ, ವಾರಣಾ, ಪಂಚಗಂಗಾ ಎಲ್ಲಾ ಕೂಡಿ ಬಂದಿರ್ತಾವ. ಕೃಷ್ಣಾ ತುಂಬಿದ್ದರೆ ನಮ್ಮ ದೂಧಗಂಗಾ ಅದರೊಳಗೆ ಇಳಿಯೋದಿಲ್ಲ. ಗಟಾರು ತುಂಬಿದಾಗ ಬಚ್ಚಲ ನೀರು ಮನಿಯಾಗೇ ನಿಲ್ತದಲ್ಲ, ಹಂಗ. ಅದಕ್ಕ ನಮ್ಮ ಕಡೆ ಘಟ್ಟದಾಗ ಮಳಿ ನಿಂತ ಮೇಲೂ ಹೊಲದಾಗಿನ ನೀರು ಲಗೂನ ಸರಿಯೋದಿಲ್ಲ.

ಈ ಎರಡು ಮಾತು ನೆನಪಿಡ್ರಿ. ಒಂದು, ನೀರು ದೂರದಿಂದ ಬರ್ತದ, ಬರೋದಕ್ಕ ಮೊದಲು ನಮಗೆ ಸ್ವಲ್ಪ ತಾಸು ಸಿಗ್ತಾವ. ಎರಡು, ಬಂದ ಮೇಲೆ ಬಹಳ ದಿನ ಕೂಡ್ತದ. ನಮ್ಮ ಊರಿನ ಮಟ್ಟಿಗೆ ತಯಾರಿ ಅಂದ್ರ ಆ ಸಿಕ್ಕ ತಾಸುಗಳನ್ನು ಹೆಂಗ ಬಳಸ್ತೀವಿ ಅನ್ನೋದು, ಅಷ್ಟ.

ಆ ತಾಸು ಎಷ್ಟು? ಪ್ರತಿ ಸಲ ಒಂದೇ ಇರೋದಿಲ್ಲ. 2019ರ ಮಹಾಪೂರ ಆಶ್ಲೇಷ ಮಳೆಯದು. ಆಗಸ್ಟ್ ಮೊದಲ ವಾರದಾಗ ದಿನಾ ಸ್ವಲ್ಪ ಸ್ವಲ್ಪ ಏರಿತು. ಇವತ್ತು ಬದು, ನಾಳೆ ಬಾವಿ ಕಟ್ಟಿ, ನಾಡದು ರಸ್ತೆ. ನೋಡ್ಕೊಂತ ನಿಲ್ಲಲಿಕ್ಕೆ ವ್ಯಾಳ್ಯಾ ಇತ್ತು. 2021ರದು ಪುಷ್ಯ ಮಳೆ. ಜುಲೈ 22ರ ಹೊತ್ತಿಗೆ ಘಟ್ಟದಾಗ ಎಂಥಾ ಮಳಿ ಬಿತ್ತು ಅಂದ್ರ, ಮಹಾಬಳೇಶ್ವರದಲ್ಲಿ ಒಂದೇ ದಿನ 594 ಮಿಲಿಮೀಟರ್ ಆಯಿತು. ನಮ್ಮ ಕಡೆ ಒಂದು ವರ್ಷಕ್ಕೆ ಬೀಳೋ ಮಳಿ ಹೆಚ್ಚುಕಡಿಮೆ ಅಷ್ಟ. ಆ ಸಲ ಹೊಳಿ ಎರಡು ದಿನದಾಗ ಏರಿ ನಿಂತಿತು. ಯಮಗರ್ಣಿ ಹತ್ತಿರ ವೇದಗಂಗಾ ಹೆದ್ದಾರಿ ಮೇಲೆ ಬಂದು ಪುಣೆ–ಬೆಂಗಳೂರು ರಸ್ತೆ ಬಂದ್ ಆಯಿತು. 2019ರಾಗೂ ಅಲ್ಲೇ ಬಂದ್ ಆಗಿತ್ತು.

ಇನ್ನೊಂದು. "ಡ್ಯಾಮಿನ ಗೇಟು ಬಿಟ್ಟರೆ ಹೇಳ್ತಾರ, ಆಮೇಲೆ ಏಳೋಣ" ಅಂತ ಕೂಡೋರು ಬಹಳ ಮಂದಿ. ಆದರ ಅಣೆಕಟ್ಟಿನ ಕೆಳಗೂ ಮಳಿ ಬೀಳ್ತದ. ಆ ಹಳ್ಳ-ಕೊಳ್ಳದ ನೀರಿಗೆ ಗೇಟು ಇಲ್ಲ, ಅದು ಯಾರಿಗೂ ಹೇಳಿ ಬರೋದಿಲ್ಲ. ಗೇಟಿನ ಸುದ್ದಿ ಒಂದನ್ನೇ ನಂಬಿ ಕೂಡೋದು ಸಾಲದು.

ಈಗ ತಡೆಗೋಡೆ ಮಾತು. ಪ್ರತಿ ಮಹಾಪೂರ ಆದ ಮೇಲೆ ಯಾರಾದರೂ ಎದ್ದು "ಹೊಳಿಗೆ ಗೋಡಿ ಕಟ್ಟಿಸ್ರಿ" ಅಂತಾರ. ಕೇಳಲಿಕ್ಕೆ ಛಲೋ ಅನಸ್ತದ. ಆದರ ನಮ್ಮ ತೋಟಪಟ್ಟಿಯ ಮಂದಿಗೆ ಗೊತ್ತು, ನೀರು ಮೊದಲು ಹೊಳಿ ಕಡೆಯಿಂದ ಬರಂಗಿಲ್ಲ, ಬೆನ್ನಿನ ಕಡೆಯಿಂದ ಬರ್ತದ. ಹಳ್ಳದ ಬಾಯಿ ಹೊಳಿಗೆ ಕೂಡಿರ್ತದ. ಹೊಳಿ ಏರಿದಾಗ ಹಳ್ಳದ ನೀರು ಹೊರಗ ಹೋಗೋದು ನಿಂತು, ಹೊಳಿ ನೀರೇ ಹಳ್ಳದಾಗ ತಿರುಗಿ ಒಳಗ ಬರ್ತದ. ಅಲ್ಲಿಂದ ಮೋರಿ, ಮೋರಿಯಿಂದ ಗಟಾರು, ಗಟಾರಿನಿಂದ ಅಂಗಳ. ಎದುರಿಗೆ ಗೋಡೆ ಕಟ್ಟಿ ಹಳ್ಳದ ಬಾಯಿ ತೆರೆದು ಬಿಟ್ಟರೆ, ಮುಂದಿನ ಬಾಗಿಲಿಗೆ ಕೀಲಿ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟಂಗ. ಹಳ್ಳದ ಬಾಯಿಯನ್ನೂ ಮುಚ್ಚಿದರೆ ಊರ ಮಳೆ ನೀರು ಒಳಗೇ ನಿಲ್ತದ, ಅದನ್ನು ಪಂಪ್ ಹಚ್ಚಿ ಹೊರಗ ಎತ್ತಬೇಕು. ಮತ್ತ ನಮ್ಮ ದಂಡಿಗೆ ಗೋಡೆ ಆದರೆ ಆ ನೀರು ಆಚೆ ದಂಡಿಯವರ ಹೊಲಕ್ಕೆ ಹೋಗ್ತದ. ಅವರೂ ನಮ್ಮಂಥ ರೈತರೇ, ಬೀಗರೇ.

ಅಂದ್ರ ಏನೂ ಮಾಡಬಾರದು ಅಂತಲ್ಲ. ಮಾಡೋ ಕೆಲಸ ಸಣ್ಣದು, ಆದರ ಮೇ ತಿಂಗಳದಾಗ ಆಗಬೇಕು. ಹಳ್ಳದ ಜಾಲಿಕಂಟಿ ತೆಗೀಬೇಕು, ಮೋರಿಯೊಳಗಿನ ಹೂಳು ಎತ್ತಬೇಕು. ಎತ್ತಿದ ಹೂಳನ್ನು ಅಲ್ಲೇ ದಂಡಿಗೆ ಹಾಕಿ ಹೋದರೆ ಮೊದಲ ಮಳೆಗೇ ತಿರುಗಿ ಒಳಗ ಬೀಳ್ತದ, ಹೊರಗ ಸಾಗಿಸಬೇಕು. ಮೋರಿ ಸ್ವಚ್ಛ ಇದ್ದರೆ ಮಹಾಪೂರ ನಿಲ್ಲೋದಿಲ್ಲ, ಖರೆ. ಆದರ ಇಳಿಯುವಾಗ ನೀರು ಲಗೂ ಇಳೀತದ. ಕಬ್ಬಿಗೆ ಇದು ದೊಡ್ಡ ಮಾತು. ಸುಳಿ ಮೇಲೆ ಇದ್ದರೆ ಕಬ್ಬು ಒಂದು ವಾರ ನೀರಿನಾಗ ನಿಂತು ಬದುಕ್ತದ. ಸುಳಿ ಮುಳುಗಿ ರಾಡಿ ಕೂತರೆ ಕೆಲವೇ ದಿನದಾಗ ಕೊಳೀತದ. ಸೋಯಾಬೀನ್, ಶೇಂಗಾಕ್ಕೆ ಅಷ್ಟೂ ತಾಳಿಕೆ ಇಲ್ಲ. ಎರಡು ದಿನ ಮೊದಲು ನೀರು ಇಳಿದರೆ ಒಬ್ಬನ ವರ್ಷ ಉಳೀತದ.

ಬಾಂದಾರಗಳ ಬಗ್ಗೆಯೂ ಒಂದು ಮಾತು. ಕಾರದಗಾ–ಭೋಜ, ಮಲಿಕವಾಡ–ದತ್ತವಾಡ, ವೇದಗಂಗೆ ಮೇಲಿನ ಜತ್ರಾಟ–ಭೀವಶಿ, ಅಕ್ಕೋಳ–ಸಿದ್ನಾಳ, ಭೋಜವಾಡಿ–ಕುನ್ನೂರ, ಕೃಷ್ಣೆ ಮೇಲಿನ ಕಲ್ಲೋಳ–ಯಡೂರ. ಈ ಹೆಸರುಗಳನ್ನು ಪ್ರತಿ ವರ್ಷ ಪೇಪರಿನಾಗ ಓದ್ತೀವಿ, "ಸೇತುವೆ ಜಲಾವೃತ" ಅಂತ. ಇವು ಕೊಲ್ಹಾಪುರ ಮಾದರಿಯ ಬಾಂದಾರಗಳು. ಬ್ಯಾಸಿಗಿಗೆ ನೀರು ಹಿಡಿಯಲಿಕ್ಕೆ ಕಟ್ಟಿದ್ದು. ಮಳೆಗಾಲಕ್ಕ ಮೊದಲು ಅದರ ಗೇಟು ತೆಗೀತಾರ, ಮಳಿ ಮುಗಿದ ಮೇಲೆ ತಿರುಗಿ ಕೂಡಸ್ತಾರ. ಪೂರ ಬಂದಾಗ ನೀರು ಮೇಲೆ ಹಾದು ಹೋಗಲಿ ಅಂತಲೇ ತಗ್ಗು ಕಟ್ಟಿರ್ತಾರ. ಮುಳುಗೋದು ಅದರ ಸ್ವಭಾವ. ಆದರ ನಾವು ಅದನ್ನೇ ದಿನದ ರಸ್ತೆ ಮಾಡಿಕೊಂಡೀವಿ. ಹಂಗಾಗಿ ಮಹಾಪೂರದಾಗ ಮೊದಲು ಹೋಗೋದು ಹೊಲ ಅಲ್ಲ, ದಾರಿ. ದಾರಿ ಹೋದ ಮೇಲೆ ದನ ಹೊಡಕೊಂಡು ಎತ್ತ ಹೋಗಬೇಕು? ಆಚೆ ಬೀಗರ ಊರು ಎತ್ತರದಾಗ ಐತಿ, ಮೇವೂ ಐತಿ, ಆದರ ನಡುವೆ ಹೊಳಿ. ಅದಕ್ಕ ನಮ್ಮ ತಾಸಿನ ಲೆಕ್ಕ ನೀರು ಮನಿಗೆ ಬರೋತನಕ ಇಲ್ಲ, ದಾರಿ ಮುಚ್ಚೋತನಕ ಮಾತ್ರ ಐತಿ.

ಇನ್ನು ಸುದ್ದಿ ಹೆಂಗ ಬರ್ತದ ನೋಡ್ರಿ. ದಿನಾ ಮುಂಜಾನೆ ಒಂದೇ ತರದ ವಾಕ್ಯ. ರಾಜಾಪುರ ಬ್ಯಾರೇಜಿನಿಂದ ಇಷ್ಟು ಕ್ಯುಸೆಕ್, ದೂಧಗಂಗಾ ನದಿಯಿಂದ ಇಷ್ಟು ಕ್ಯುಸೆಕ್, ಒಟ್ಟು ಕಲ್ಲೋಳ ಬಳಿ ಕೃಷ್ಣೆಗೆ ಇಷ್ಟು ಲಕ್ಷ ಕ್ಯುಸೆಕ್. ಲೆಕ್ಕ ತಪ್ಪಲ್ಲ. ಒಂದು ಕ್ಯುಸೆಕ್ ಅಂದ್ರ ಒಂದು ಸೆಕೆಂಡಿಗೆ ಸುಮಾರು 28 ಲೀಟರ್. 11,574 ಕ್ಯುಸೆಕ್ ಇಪ್ಪತ್ನಾಕು ತಾಸು ಹರಿದರೆ ಒಂದು ಟಿಎಂಸಿ. ಒಂದು ಲಕ್ಷ ಕ್ಯುಸೆಕ್ ಒಂದು ದಿನ ಹರಿದರೆ ಎಂಟೂವರೆ ಟಿಎಂಸಿ ಮೇಲೆ, ಅಂದ್ರ ನಮ್ಮ ಕಾಳಮ್ಮವಾಡಿ ಅಣೆಕಟ್ಟಿನ ಮೂರನೇ ಒಂದು ಪಾಲು. ಎಂಜಿನಿಯರಿಗೆ ಇದು ಬೇಕು. ಆದರ ನನ್ನ ದಾವಣಿಯಾಗಿನ ಎಮ್ಮಿ ಯಾವಾಗ ಬಿಚ್ಚಬೇಕು ಅಂತ ಇದರಿಂದ ನನಗೆ ತಿಳಿಯೋದಿಲ್ಲ.

ಮಳೆಗಾಲದ ಮುಂಚಿನ ಒಂದು ಸಭೆಯಲ್ಲಿ, ಯಾವ ಊರು, ಯಾವ ಕಚೇರಿ ಅಂತ ಬರೆಯೋದಿಲ್ಲ, ನಾನು ಇದನ್ನೇ ಕೇಳಿದೆ.

"ಸಾಹೇಬ್ರ, ದೂಧಗಂಗಾಕ್ಕ ಮೂವತ್ತು ಸಾವಿರ ಕ್ಯುಸೆಕ್ ಬಂತು ಅಂದ್ರ ನಮ್ಮ ತೋಟಪಟ್ಟಿ ಮೋರಿಗೆ ನೀರು ಎಷ್ಟು ಬರ್ತದ್ರಿ?"

ಅವರು ಒಳ್ಳೆಯವರೇ. ಫೈಲು ತಿರುವಿ ನೋಡಿದರು. "ಹಂಗ ಮೋರಿ ಲೆಕ್ಕದಾಗ ನಮ್ಮ ಹತ್ರ ಇಲ್ರಿ ಗೌಡ್ರ" ಅಂದರು.

"ಹಂಗಾದ್ರ ನಮಗ ಯಾವಾಗ ಏಳ್ರಿ ಅಂತ ಹೇಳೋರು ಯಾರು?"

"ಮ್ಯಾಲಿಂದ ಆದೇಶ ಬಂದ ಕೂಡ್ಲೇ ಹೇಳ್ತೀವಿ" ಅಂದರು.

ಅಲ್ಲಿಗೆ ಸಭೆಯ ಮುಂದಿನ ವಿಷಯ ಬಂತು.

ಕೊಲ್ಹಾಪುರದಾಗ ಹೋಗಿ ನೋಡ್ರಿ. ಅಲ್ಲಿ ಪಂಚಗಂಗೆ ಮೇಲೆ ರಾಜಾರಾಮ ಬಾಂದಾರ ಐತಿ. ಅಲ್ಲಿಯ ಮಟ್ಟ 39 ಅಡಿ ಆದರೆ ಎಚ್ಚರಿಕೆ, 43 ಅಡಿ ಆದರೆ ಅಪಾಯ. ಚಹಾದಂಗಡಿಯಾಗ ಕೂತ ಮಂದಿಯೂ "ಇವತ್ತ ಎಷ್ಟ ಫೂಟು?" ಅಂತ ಕೇಳ್ತಾರ. ಎಷ್ಟು ಫೂಟಿಗೆ ಯಾವ ಓಣಿಗೆ ನೀರು ಬರ್ತದ ಅನ್ನೋದು ಮಂದಿಯ ಬಾಯಾಗ ಐತಿ. ನಮ್ಮ ದೂಧಗಂಗೆಗೂ ಅಳತೆ ಇಲ್ಲಾಂತಲ್ಲ. ಕೇಂದ್ರ ಜಲ ಆಯೋಗದ ಅಳತೆ ಜಾಗ ಸದಲಗಾದಲ್ಲೇ ಐತಿ, ನಮ್ಮ ಎದುರಿಗೆ. ಆದರ ಆ ಅಳತೆ ನಮ್ಮ ಬಾಯಿಗೆ ಬಂದಿಲ್ಲ.

ಅದಕ್ಕ 2021 ಆದ ಮೇಲೆ ನಮ್ಮ ತೋಟಪಟ್ಟಿಯವರು ಒಂದು ಕೆಲಸ ಮಾಡಿದೆವು. ನಮ್ಮಲ್ಲಿ ಒಬ್ಬರು ನಿವೃತ್ತ ಮಾಸ್ತರರು ಅದಾರ. ಅವರೇ ಮುಂದಾಗಿ ಮೋರಿಯ ಗೋಡೆಗೆ, ಒಬ್ಬರ ಪಂಪಿನ ಮನೆ ಗೋಡೆಗೆ, ಗುಡಿ ಕಟ್ಟೆಗೆ ಎಣ್ಣೆ ಬಣ್ಣದಾಗ ಗೆರೆ ಹೊಡೆದರು. ಹಳದಿ ಗೆರಿಗೆ ನೀರು ಬಂದರೆ ಹೊಳಿ ಮೋಟಾರು ಎತ್ತಬೇಕು. ಕೇಸರಿ ಗೆರಿಗೆ ಬಂದರೆ ದನ ಹೊಡೀಬೇಕು. ಕೆಂಪಿಗೆ ಬಂದರೆ ಮಂದಿ ಇರಬಾರದು. ಒಂದು ನೋಟಬುಕ್ಕಿನಾಗ ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಗೆರಿ, ಆ ದಿನ ಪೇಪರಿನಾಗ ಎಷ್ಟು ಕ್ಯುಸೆಕ್ ಅಂತ ಬರೆದು ಇಡ್ತಾರ. ನಾಲ್ಕಾರು ಮಳೆಗಾಲ ಬರೆದರೆ ಕ್ಯುಸೆಕ್ಕಿಗೂ ಗೆರಿಗೂ ನಂಟು ತಿಳೀತದ. ಇದಕ್ಕೆ ಆದ ಖರ್ಚು ಎರಡು ಡಬ್ಬಿ ಬಣ್ಣ.

ಮೋಟಾರಿಗೆ ಹಳದಿ ಗೆರಿ ಯಾಕ ಅಂದ್ರ, ಹೊಳಿ ಏರಿದ ಮೇಲೆ ಮೋಟಾರು ಉಳಿಸಲಿಕ್ಕೆ ನೀರಿಗೆ ಇಳಿಯೋ ಚಟ ನಮ್ಮ ಮಂದಿಗೆ ಐತಿ. ಸಾಲ ಮಾಡಿ ತಂದ ಮೋಟಾರು, ಬಿಡಲಿಕ್ಕೆ ಮನಸ್ಸಾಗೋದಿಲ್ಲ. ಕರೆಂಟು ಯಾವಾಗ ತೆಗೀತಾರ ಅನ್ನೋದೂ ಮೊದಲೇ ಗೊತ್ತಿರಬೇಕು. ಒದ್ದೆ ಸ್ಟಾರ್ಟರ್ ಪೆಟ್ಟಿಗಿ ಮುಟ್ಟಿ ಜೀವ ಕಳಕೊಳ್ಳೋದಕ್ಕಿಂತ ಒಂದು ದಿನ ಮೊದಲು ಎತ್ತಿ ಮನಿಗೆ ತರೋದು ಛಲೋ.

ಈಗ ದನದ ಮಾತಿಗೆ ಬರ್ತೀನಿ. ಈ ಲೇಖನದ ಕಾರಣವೇ ಅದು.

2019ರಾಗ ನಮ್ಮ ಪಕ್ಕದ ವಸತಿಯ ಆಯಿ ಒಬ್ಬಾಕಿ ಮನಿ ಬಿಟ್ಟು ಏಳಲಿಲ್ಲ. ವಯಸ್ಸು ಎಪ್ಪತ್ತರ ಮೇಲೆ. ಎರಡು ಎಮ್ಮಿ, ಒಂದು ಮಣಕ. ಅಂಗಳದಾಗ ಮೊಣಕಾಲ ತನಕ ನೀರು. ಬೋಟು ತಂದ ಹುಡುಗರು ಕೈ ಮುಗಿದು ಹೇಳಿದರು.

"ಆಯಿ, ಹತ್ತ ಬಾ, ಕತ್ತಲಾಗಾಕತ್ತೈತಿ."

"ಎಮ್ಮಿ?"

"ಬೋಟಿನಾಗ ಎಮ್ಮಿ ಹತ್ತಂಗಿಲ್ಲ ಆಯಿ."

"ಹಂಗಾದ್ರ ನಾನೂ ಹತ್ತಂಗಿಲ್ಲ. ನೀವು ಹೋಗ್ರಿ."

ಹೊರಗಿನವರಿಗೆ ಇದು ಹಟ ಅನಸ್ತದ. ನಮಗ ಹಂಗಿಲ್ಲ. ಆಕಿಗೆ ಗಂಡ ಇಲ್ಲ, ಹೊಲ ಹತ್ತು ಗುಂಟೆ. ಡೇರಿಗೆ ಹಾಕೋ ಹಾಲೇ ಆಕಿ ಪಗಾರ. ಎಮ್ಮಿ ಬಿಟ್ಟು ಕಾಳಜಿ ಕೇಂದ್ರಕ್ಕೆ ಹೋದರೆ ಅನ್ನ ಸಿಗ್ತದ, ಖರೆ. ಕೇಂದ್ರ ಮುಚ್ಚಿದ ಮರುದಿನದಿಂದ ಏನು ತಿನ್ನಬೇಕು? ಕೊನೆಗೆ ಆಕಿ ಅಣ್ಣನ ಮಗ ಬಂದ. ಎದೆಮಟ್ಟ ನೀರಿನಾಗ ಮೂರೂ ಜೀವ ಹೊಡಕೊಂಡು ರಸ್ತೆಗೆ ಹೊರಟ. ಎಮ್ಮಿ ಎರಡೂ ಈಜಿ ದಾಟಿದವು. ಮಣಕ ಸೆಳವಿಗೆ ಹೋಯಿತು. ಆ ಹುಡುಗನೂ ಅದರ ಹಿಂದೆ ಹೋಗೋದಿತ್ತು, ಹಗ್ಗ ಕೈಗೆ ಸುತ್ತಿಕೊಂಡಿದ್ದ. ಹಗ್ಗ ಬಿಟ್ಟಿದ್ದಕ್ಕ ಉಳಿದ. ಮಣಕದ ಹೆಣ ಸಿಗಲಿಲ್ಲ, ಹೆಣ ಸಿಗದ್ದಕ್ಕ ಕಾಗದ ಆಗಲಿಲ್ಲ. ಉಳಿದ ಎರಡು ಎಮ್ಮಿ ಎಂಟು ದಿನ ಡಾಂಬರ ರಸ್ತೆ ಮೇಲೆ ಮಳಿಯಾಗ ನಿಂತವು. ಮಂದಿಗೆ ಶಾಲೆ ಇತ್ತು, ದನಕ್ಕೆ ಜಾಗ ಇರಲಿಲ್ಲ.

ನಮ್ಮಂಥ ಊರುಗಳಲ್ಲಿ ಮಂದಿ ಯಾಕ ಏಳೋದಿಲ್ಲ ಅಂತ ಕೇಳೋರು ಮೊದಲು ದಾವಣಿ ನೋಡಬೇಕು. ಎಮ್ಮಿ ಎದ್ದರೆ ಮಂದಿ ಏಳ್ತಾರ.

ನಿಯಮ ಏನು ಹೇಳ್ತದ ನೋಡೋಣ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 41ನೇ ಕಲಮಿನಲ್ಲಿ ಸ್ಥಳೀಯ ಸಂಸ್ಥೆಯ ಕೆಲಸ ಬರೆದಿದ್ದಾರೆ. ನೌಕರರಿಗೆ ತರಬೇತಿ ಇರಬೇಕು, ಬೇಕಾದ ಸಾಮಗ್ರಿ ಯಾವಾಗ ಬೇಕಾದರೂ ಬಳಸುವ ಹಂಗ ಸಿದ್ಧ ಇರಬೇಕು, ಪರಿಹಾರ ಕೆಲಸ ಮಾಡಬೇಕು. ಸ್ಥಳೀಯ ಸಂಸ್ಥೆ ಅಂದ್ರ ಪಟ್ಟಣ ಪಂಚಾಯಿತಿಯೂ ಬಂತು, ಗ್ರಾಮ ಪಂಚಾಯಿತಿಯೂ ಬಂತು. ಇನ್ನು ದುಡ್ಡು. ವಿಪತ್ತು ಪರಿಹಾರ ನಿಧಿಯ 2022ರ ನಿಯಮದಲ್ಲಿ ಹಾಲು ಹಿಂಡುವ ಎಮ್ಮೆ ಸತ್ತರೆ 37,500 ರೂಪಾಯಿ. ನೀರಾವರಿ ಬೆಳೆ ಹೋದರೆ ಹೆಕ್ಟೇರಿಗೆ 17,000, ಅದೂ ಮೂರನೇ ಒಂದು ಪಾಲಿಗಿಂತ ಹೆಚ್ಚು ಹಾಳಾಗಿರಬೇಕು, ಎರಡು ಹೆಕ್ಟೇರ್ ತನಕ ಮಾತ್ರ. ಎಕರೆ ಲೆಕ್ಕದಾಗ ಹಿಡಿದರೆ 6,900ರ ಆಸುಪಾಸು. ಕಬ್ಬು ಬೆಳೆಯೋರಿಗೆ ಇದು ಎಷ್ಟರ ಮಾತು ಅಂತ ನಾನು ಹೇಳೋದು ಬ್ಯಾಡ. ಮೇವಿನ ಕೇಂದ್ರ ತೆರೆದರೆ ದೊಡ್ಡ ಜಾನುವಾರಿಗೆ ದಿನಕ್ಕೆ 80 ರೂಪಾಯಿಯಂತೆ ಖರ್ಚು ಹಾಕಲಿಕ್ಕೆ ಅವಕಾಶ ಐತಿ.

ಈ ಪಟ್ಟಿ ಓದಿದಾಗ ನನಗೆ ಒಂದು ತಿಳಿಯಿತು. ಎಮ್ಮಿ ಸತ್ತರೆ ದುಡ್ಡು ಐತಿ. ಸಾಯದಂಗ ಒಂದು ದಿನ ಮೊದಲೇ ಹೊಡಕೊಂಡು ಹೋದವನಿಗೆ ನಮ್ಮ ಕಡೆ ಒಂದು ರೂಪಾಯಿ ಬಂದದ್ದು ನಾನು ಕಂಡಿಲ್ಲ.

2024ರ ಜುಲೈದಾಗ ಇದು ಪೂರಾ ಅನುಭವಕ್ಕೆ ಬಂತು. ಆ ಸಲ ಬಾಂದಾರಗಳೆಲ್ಲ ಮುಳುಗಿದವು. ನಮ್ಮ ಮೋರಿಯಾಗ ಸಂಜೆ ಹೊತ್ತಿಗೆ ನೀರು ಕೇಸರಿ ಗೆರಿಗೆ ಬಂತು. ಮಾಸ್ತರರು ನೋಟಬುಕ್ ನೋಡಿ "ಹೊಡೀರಿ" ಅಂದರು. ಮೊದಲೇ ಮಾತಾಡಿ ಇಟ್ಟಿದ್ದೆವು, ಊರ ಮ್ಯಾಲಿನ ಮಗ್ಗಲ ಒಬ್ಬರ ಹಳೆ ತಂಬಾಕಿನ ವಖಾರಿ ಖಾಲಿ ಇತ್ತು. ಮೂರು ಟ್ರ್ಯಾಕ್ಟರು, ಮೇವು, ಹಿಂಡಿ ಚೀಲ, ತಾಡಪತ್ರಿ. ಕಣಕಿ ಬಣವಿ ಪೂರಾ ಸಾಗಿಸಲಿಕ್ಕೆ ಆಗಲಿಲ್ಲ, ನಾಲ್ಕು ದಿನಕ್ಕೆ ಆಗುವಷ್ಟು ಒಯ್ದೆವು. 19 ಮನಿಯ 41 ದೊಡ್ಡ ದನ ರಾತ್ರಿ ಹನ್ನೊಂದರೊಳಗೆ ವಖಾರಿ ಸೇರಿದವು. ಆಯಿಯ ಎಮ್ಮಿ ಮೊದಲ ಟ್ರ್ಯಾಕ್ಟರಿನಾಗ ಹೋದವು, ಹಿಂದೆ ಆಯಿ ತಾನೇ ಹಾಲಿನ ಕ್ಯಾನು ಹಿಡಕೊಂಡು ನಡೆದು ಬಂದಳು. ಈ ಸಲ ಯಾರೂ ಕೈ ಮುಗಿಯೋದು ಬೀಳಲಿಲ್ಲ.

ಮರುದಿನ ನೀರು ಕೆಂಪು ಗೆರಿಗೆ ಬರಲಿಲ್ಲ. ಕೇಸರಿ ಮೇಲೆ ಗೇಣುದ್ದ ಏರಿ ನಿಂತಿತು. ಮೂರು ದಿನ ನಿಂತು ಇಳಿಯಿತು.

ಆಗ ಶುರು ಆಯಿತು ಮಾತು. "ಸುಮ್ನ ರಾತ್ರೋರಾತ್ರಿ ಓಡ್ಯಾಡಿಸಿದ್ರಿ." "ಜಾಗ ಬದಲಾಗಿ ನಮ್ಮ ಎಮ್ಮಿ ಹಾಲು ಅರ್ಧಕ್ಕ ಇಳೀತು, ಡೇರಿ ಬಿಲ್ಲು ಯಾರು ಕೊಡ್ತಾರ?" "ಮುಂದಿನ ಸಲ ಕೆಂಪು ಗೆರಿ ಬಂದ ಮ್ಯಾಲ ನೋಡೋಣು." ಟ್ರ್ಯಾಕ್ಟರಿನ ಹುಡುಗರು ಪಾಪ ಬಾಡಿಗೆ ಕೇಳಲಿಲ್ಲ, ಡೀಸೆಲ್ ಮಾತ್ರ ಕೇಳಿದರು. ಹೋಗೋದು, ತಿರುಗಿ ತರೋದು ಕೂಡಿ ಮೂವರದೂ 2,700 ರೂಪಾಯಿ ಆಗಿತ್ತು. ಅದನ್ನು ಕೂಡಿಸಲಿಕ್ಕೆ ಮಾಸ್ತರರು ಗಣೇಶ ಚೌತಿ ತನಕ ಮನಿ ಮನಿ ಅಡ್ಡಾಡಿದರು. ಕೊನೆಗೂ ಪೂರಾ ಕೂಡಲಿಲ್ಲ.

2,700 ರೂಪಾಯಿಯನ್ನು 41 ದನಕ್ಕೆ ಹಂಚ್ರಿ. ಒಂದಕ್ಕೆ 66 ರೂಪಾಯಿ. ಸತ್ತ ಎಮ್ಮಿಗೆ ಸರಕಾರ ಕೊಡೋದು 37,500. ಪ್ಯಾಟ್ಯಾಗ ಹಿಂಡೋ ಎಮ್ಮಿ ಕೊಳ್ಳಲಿಕ್ಕೆ ಹೋದರೆ ಅದರ ಎರಡು ಪಟ್ಟಿಗೂ ಸಿಗೋದಿಲ್ಲ. 66 ರೂಪಾಯಿ ಯಾರು ಕೊಡಬೇಕು ಅಂತ ತೀರ್ಮಾನ ಆಗದ್ದಕ್ಕ ಮುಂದಿನ ಸಲ ಮಂದಿ ಕೆಂಪು ಗೆರಿ ಕಾಯ್ತಾರ. ಕೆಂಪು ಗೆರಿ ಬಂದಾಗ ಟ್ರ್ಯಾಕ್ಟರು ಹೋಗೋದಿಲ್ಲ, ಬೋಟೇ ಬೇಕು. ಬೋಟಿನಾಗ ಎಮ್ಮಿ ಹತ್ತಂಗಿಲ್ಲ.

ಮಂದಿ ಮಾತು ತಪ್ಪು ಅಂತ ನಾನು ಅನ್ನೋದಿಲ್ಲ. ದಿನದ ಹಾಲಿನ ಮೇಲೆ ಬದುಕೋರಿಗೆ ಮೂರು ದಿನದ ಅರ್ಧ ಹಾಲು ಸಣ್ಣ ಲುಕ್ಸಾನಲ್ಲ. ಆದರ ಮಹಾಪೂರದ ಲೆಕ್ಕ ಹಿಂಗ ಐತಿ: ಸರಿಯಾದ ಹೊತ್ತಿಗೆ ಏಳಬೇಕಂದ್ರ ನಾಲ್ಕು ಸಲದಾಗ ಎರಡು-ಮೂರು ಸಲ ಸುಮ್ಮನೆ ಎದ್ದಂಗೇ ಆಗ್ತದ. ನೀರು ಬರಲಿಲ್ಲ ಅಂದ್ರ ಎದ್ದದ್ದು ವ್ಯರ್ಥ ಆಗಲಿಲ್ಲ. ಹೊಲಕ್ಕೆ ಔಷಧ ಹೊಡೆದು ರೋಗ ಬರಲಿಲ್ಲ ಅಂದ್ರ ಔಷಧದ ಅಂಗಡಿಯವನ ಜೋಡಿ ಜಗಳಾಡ್ತೀವೇನು? ಆ ಸುಮ್ಮನೆ ಎದ್ದ ಖರ್ಚನ್ನು ಬಡವರ ಮೇಲೆ ಬಿಡಬಾರದು, ಊರು ಹೊರಬೇಕು. ಊರು ಹೊರೋದು ಅಂದ್ರ ಪಂಚಾಯಿತಿ ಹೊರೋದು. ತಯಾರಿಯ ಸಾಮಗ್ರಿ ಅಂದ್ರ ಬೋಟು, ಜಾಕೆಟ್ಟು, ಹಗ್ಗ ಮಾತ್ರ ಅಲ್ಲ. ಡೀಸೆಲ್ಲೂ ಸಾಮಗ್ರಿಯೇ.

ಆಲಮಟ್ಟಿ ಎತ್ತರ 519.60 ಮೀಟರ್ ಇರಬೇಕೋ 524.256 ಆಗಬೇಕೋ ಅಂತ ಎರಡು ರಾಜ್ಯಗಳ ನಡುವೆ ವಾದ ನಡದೈತಿ. ದೊಡ್ಡವರ ವಾದ, ನಡೀಲಿ. ಅದು ಮುಗಿಯೋತನಕ ಮಳಿ ಕಾಯೋದಿಲ್ಲ. ನಮ್ಮ ಕೈಯಾಗ ಇರೋದು ಹೇಳ್ತೀನಿ. ಹೊಳಿ ದಂಡಿಯ ಯಾವ ಪಂಚಾಯಿತಿಯೂ ಮಿರಗದೊಳಗೆ ಮಾಡಬಹುದು.

ಮೊದಲನೇದು, ಪ್ರತಿ ಓಣಿ, ಪ್ರತಿ ತೋಟಪಟ್ಟಿಗೆ ಮೂರು ಗೆರಿ ಹೊಡೆಸ್ರಿ. ಸದಲಗಾದ ಅಳತೆಯನ್ನು ಆ ಗೆರಿ ಜೋಡಿ ಹೊಂದಿಸಿ ಹೇಳ್ರಿ. ಮುಂಜಾನೆ ಹಾಡು ಹಚ್ಚಿಕೊಂಡು ಬರೋ ಕಸದ ಗಾಡಿ ಮೈಕಿನಾಗ ಮಳೆಗಾಲದ ಎರಡು ತಿಂಗಳು ಇದನ್ನೇ ಹೇಳಬಹುದು.

ಎರಡನೇದು, ಕಾಳಜಿ ಕೇಂದ್ರ ಗುರುತು ಮಾಡುವಾಗಲೇ ದನದ ಜಾಗವನ್ನೂ ಗುರುತು ಮಾಡ್ರಿ. ಎತ್ತರದ ಬಯಲು, ಖಾಲಿ ವಖಾರಿ, ಎಪಿಎಂಸಿ ಶೆಡ್ಡು, ಯಾವುದಾದರೂ ಆದೀತು. ಆ ಜಾಗ ಮಂದಿಯ ಕೇಂದ್ರಕ್ಕೆ ನಡೆದು ಹೋಗುವಷ್ಟು ಹತ್ತಿರ ಇರಬೇಕು. ಹೊತ್ತಿಗೆ ಹಾಲು ಹಿಂಡಬೇಕಲ್ಲ.

ಮೂರನೇದು, ಊರಾಗಿನ ಟ್ರ್ಯಾಕ್ಟರುಗಳ ಪಟ್ಟಿ ಮಾಡಿ, ಯಾವ ಟ್ರ್ಯಾಕ್ಟರು ಯಾವ ಓಣಿಗೆ ಅಂತ ಹಂಚಿ, ಡೀಸೆಲ್ ಕೊಡೋ ಠರಾವು ಮೊದಲೇ ಪಾಸು ಮಾಡ್ರಿ. ನೀರು ಬಂದರೂ ಕೊಡ್ತೀವಿ, ಬರದಿದ್ದರೂ ಕೊಡ್ತೀವಿ ಅಂತ ಅದರಾಗ ಬರೀರಿ. ಆ ಒಂದು ಸಾಲು ಬಹಳ ಮುಖ್ಯ.

ನಾಲ್ಕನೇದು ನಮ್ಮ ಕೆಲಸ. ದನದ ಕಿವಿಯಾಗಿನ 12 ಅಂಕಿಯ ಓಲೆ ಕಾಣುವಂಗ ಫೋಟೋ ತೆಗೆದು ಮಗನ ಮೊಬೈಲಿನಾಗ ಇಡ್ರಿ. ಓಲೆ ಬಿದ್ದಿದ್ದರೆ ಈಗಲೇ ಪಶು ಆಸ್ಪತ್ರೆಗೆ ಹೋಗಿ ಹಾಕಿಸ್ರಿ. ಪಹಣಿ, ಪಾಸಬುಕ್ಕು ಒಂದು ಪ್ಲಾಸ್ಟಿಕ್ ಚೀಲದಾಗ. ಜಿಲ್ಲಾ ಸಹಾಯವಾಣಿ 1077 ಗೋಡೆ ಮೇಲೆ ದೊಡ್ಡದಾಗಿ ಬರೀರಿ, ಕತ್ತಲಾಗೂ ಕಾಣಬೇಕು. ಮತ್ತ ಮೋಟಾರಿನ ಸಲುವಾಗಿ ಹೊಳಿಗೆ ಇಳೀಬ್ಯಾಡ್ರಿ.

ಈ ನಾಲ್ಕೂ ಬರೆದು ನಮ್ಮ ತೋಟಪಟ್ಟಿಯವರು ಒಂದು ಅರ್ಜಿ ತಯಾರು ಮಾಡೀವಿ. 19 ಮನಿಯವರ ಸಹಿ ಆಗ್ಯಾವ, ಆಯಿ ಹೆಬ್ಬಟ್ಟು ಒತ್ಯಾಳ. ಬರೋ ಸೋಮವಾರ ಪಟ್ಟಣ ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ತಗೊಂಡು ಬರ್ತೀವಿ. ಏನಾಯಿತು ಅಂತ ಇಲ್ಲೇ ಬರೀತೀನಿ. ಕಾರದಗಾ, ಭೋಜ, ಮಲಿಕವಾಡ, ಸದಲಗಾ ಕಡೆಯವರು ನಿಮ್ಮ ಊರಾಗೂ ಇಂಥಾದ್ದೊಂದು ಅರ್ಜಿ ಮಿರಗ ಕೂಡೋದ್ರೊಳಗೆ ಕೊಡ್ರಿ. ಬಣ್ಣದ ಡಬ್ಬಿಗೆ ಮಾತ್ರ ಯಾರ ಆದೇಶವೂ ಬೇಕಾಗಿಲ್ಲ, ನಾಳೆಯೇ ತರಬಹುದು.